ಇಪ್ಪತ್ತೆರಡನೆಯ ಹೆಸರು

ಹೋದ ಸೆಪ್ಟೆಂಬರಿನಲ್ಲಿ, ವರ್ಷದ ಕಡೆಯ ಪಂದ್ಯ ಸೋತು ಬಂದ ದಿನ, ಲೀತ್ ಪಾಮ್‌ರಾಯ್ ಮಂಡಿಯ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಅಡುಗೆಮನೆಯಲ್ಲಿ ಕೂತು ಹೆಂಡತಿಗೆ ಮಾತು ಕೊಟ್ಟಿದ್ದ. ಇನ್ನು ಫುಟ್‌ಬಾಲ್ ಸಾಕು ಎಂದು. ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಆಸ್ಟ್ರೇಲಿಯಾದ ಫುಟ್‌ಬಾಲ್ ಅದು. ಅವನಿಗಾಗ ಮೂವತ್ತೇಳು. ಹದಿನೇಳಕ್ಕೆ ನುಲ್ಲಾಕ್ ಊರಿನ ಕ್ಲಬ್ಬಿನ ಅಂಗಿ ತೊಟ್ಟವನು ಇಪ್ಪತ್ತು ವರ್ಷ ಮೈದಾನದ ನಟ್ಟನಡುವೆ ನಿಂತು, ಅಂಪೈರ್ ನೆಲಕ್ಕೆ ಬಡಿದು ಪುಟಿಸಿದ ಚೆಂಡಿಗಾಗಿ ಎದುರಾಳಿಯ ಜತೆ ಮೇಲಕ್ಕೆ ಹಾರಿದ್ದ. ಹಾರಿದ್ದಕ್ಕಿಂತ ಇಳಿದದ್ದೇ ಮಂಡಿಗೆ ಮುಳುವಾಗಿತ್ತು. ಇನ್ನೊಂದು ಸಲ ತಿರುಚಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು.

ಐಲ್ಸಾ ಊರಿನ ಪುಟ್ಟ ಆಸ್ಪತ್ರೆಯಲ್ಲಿ ನರ್ಸ್. ಹುಟ್ಟಿದ್ದು ಸಮುದ್ರದ ದಂಡೆಯ ಪೋರ್ಟ್‌ಲೆಂಡಿನಲ್ಲಿ. ಮದುವೆಯಾಗಿ ಹನ್ನೊಂದು ವರ್ಷ, ಎತ್ತ ನೋಡಿದರೂ ಗೋಧಿ, ಗೋಧಿ ಮುಗಿದ ಕಡೆ ಕೆಂಪು ಮಣ್ಣು ಇರುವ ಈ ಬಯಲಿನಲ್ಲಿ ತುಟಿ ಬಿಚ್ಚದೆ ಕಳೆದಿದ್ದಳು. ಈಗ ತವರಿನ ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು; ಈಸ್ಟರ್ ಕಳೆದ ಕೂಡಲೇ ಸೇರಬೇಕು. ಲೀತನಿಗೂ ಅಲ್ಲಿನ ಬಂದರಿನ ಗೋಧಿ ಗೋದಾಮಿನಲ್ಲಿ ಜಾಗ ಗೊತ್ತಾಗಿತ್ತು. ಬಾಡಿಗೆ ಮನೆಯನ್ನೂ ನೋಡಿ ಬಂದಿದ್ದರು. ಹಿಂದಿನ ಕಿಟಕಿಯಿಂದ ಬೆರಳಗಲ ಸಮುದ್ರ ಕಾಣುತ್ತಿತ್ತು.

ಫೆಬ್ರವರಿಯ ತನಕ ಎಲ್ಲವೂ ಸರಿಯಾಗಿತ್ತು. ಫೆಬ್ರವರಿಯ ಕೊನೆಯಲ್ಲಿ, ಮಿಲ್ಡುರಾದಿಂದ ಬರಬೇಕಾಗಿದ್ದ ಹೊಸ ಕೋಚ್ ಫೋನ್ ಮಾಡಿ, ಬೇರೆ ಕ್ಲಬ್ಬಿನವರು ಕರೆದರು, ಕ್ಷಮಿಸಿ, ಎಂದುಬಿಟ್ಟ. ಅವನ ಬೆನ್ನಿಗೇ ಅವನು ಕರೆತರಲಿದ್ದ ಮೂವರು ಆಟಗಾರರೂ ಹೋದರು.

ಕ್ಲಬ್ಬಿನ ಅಧ್ಯಕ್ಷ ಕ್ಲಾರಿ ಟ್ರೆಲೋರ್ ಮಾರನೆಯ ದಿನವೇ ಲೀತ್ ಕೆಲಸ ಮಾಡುವ ಸೈಲೋ, ಅಂದರೆ ಗೋಧಿ ಕಣಜದ ಹತ್ತಿರ ಬಂದ. ಎಪ್ಪತ್ತನಾಲ್ಕರ ಮುದುಕ. ಟ್ರಕ್ಕಿನಿಂದ ಇಳಿಯದೆ ಕಿಟಕಿಯ ಮೇಲೆ ಮೊಣಕೈ ಊರಿ, ಹವಾಮಾನದ ಮಾತಾಡಿದ, ಇಲಿಗಳ ಕಾಟದ ಮಾತಾಡಿದ. ಲೀತ್ ಗೋಧಿಯ ಮಾದರಿ ಜರಡಿ ಹಿಡಿಯುತ್ತಾ ಕಾಯುತ್ತಿದ್ದ.

"ಕೋಚ್ ಕೈಕೊಟ್ಟ ಸುದ್ದಿ ಗೊತ್ತಾಯ್ತಲ್ಲ?"

"ಗೊತ್ತಾಯ್ತು."

"ಶುಕ್ರವಾರದೊಳಗೆ ಲೀಗಿಗೆ ಇಪ್ಪತ್ತೆರಡು ಹೆಸರು ಬರೆದು ಕಳಿಸ್ಬೇಕು ಕಣೋ. ಒಂದು ಕಮ್ಮಿಯಾದ್ರೂ ನಮ್ಮನ್ನ ಈ ವರ್ಷದ ಪಟ್ಟಿಯಿಂದ ತೆಗೀತಾರೆ. ಒಂದ್ಸಲ ತೆಗೆದ ಕ್ಲಬ್ಬು ವಾಪಸ್ ಬಂದಿದ್ದು ನೀನು ನೋಡಿದ್ದೀಯಾ?"

ಲೀತ್ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಕ್ಲಬ್ಬಿನ ಪೂರ್ತಿ ಹೆಸರು ಈಗ ನುಲ್ಲಾಕ್-ಕಾರ್ಡೂ-ಪೈನ್ ವೆಲ್ಸ್. ಪಕ್ಕದ ಕಾರ್ಡೂ ಊರಿನ ಕ್ಲಬ್ಬು ಸತ್ತಾಗ ಅದರ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡರು, ಪೈನ್ ವೆಲ್ಸ್ ಸತ್ತಾಗ ಅದನ್ನೂ. ಆಟಗಾರರು ಕಡಿಮೆಯಾದಂತೆ ಹೆಸರು ಉದ್ದವಾಗುತ್ತಾ ಬಂದಿತ್ತು.

"ಈಗ ಎಷ್ಟು ಜನ ಇದ್ದಾರೆ?" ಎಂದು ಕೇಳಿದ. ಕೇಳಬಾರದಿತ್ತು ಎಂದು ಬಾಯಿಂದ ಮಾತು ಬಿದ್ದ ಮೇಲೆ ಅನ್ನಿಸಿತು.

"ಇಪ್ಪತ್ತೊಂದು" ಎಂದ ಕ್ಲಾರಿ.

"ಕ್ಲಾರಿ, ನಾನು ಐಲ್ಸಾಗೆ ಮಾತು ಕೊಟ್ಟಿದ್ದೀನಿ."

"ಗೊತ್ತಪ್ಪ, ಗೊತ್ತು. ನಾನೇನು ಬಲವಂತ ಮಾಡ್ತಿಲ್ಲ. ಗುರುವಾರ ಪ್ರ್ಯಾಕ್ಟೀಸ್ ಆದ್ಮೇಲೆ ಸಭೆ ಇದೆ. ಸುಮ್ನೆ ಬಂದು ಕೂತ್ಕೋ, ಅಷ್ಟೇ."

ಟ್ರಕ್ಕು ದೂಳೆಬ್ಬಿಸಿಕೊಂಡು ಹೋಯಿತು. ಇಲ್ಲ ಎಂದು ತಾನು ನೇರವಾಗಿ ಹೇಳಲೇ ಇಲ್ಲ ಎಂಬುದು ಲೀತನಿಗೆ ಹೊಳೆದದ್ದು ಅದು ರಸ್ತೆ ತಿರುಗಿದ ಮೇಲೆ.

ಬುಧವಾರ ವಾರಪತ್ರಿಕೆ ಬಂತು. ಪ್ರತಿ ಮಾರ್ಚಿನಲ್ಲೂ ಅದು ಒಂದೊಂದು ಕ್ಲಬ್ಬಿಗೂ ಫೋನ್ ಮಾಡಿ, ಈ ಸಲ ಹೇಗೆ ಎಂದು ಕೇಳಿ, ಉತ್ತರವನ್ನು ಫೋಟೊ ಸಮೇತ ಹಾಕುತ್ತಿತ್ತು. ನುಲ್ಲಾಕಿನ ಪಾಲಿಗೆ ಲೀತನ ಆರು ವರ್ಷ ಹಿಂದಿನ ಚಿತ್ರ ಹಾಕಿದ್ದರು, ಗಾಳಿಯಲ್ಲಿ ಕೈಚಾಚಿ ಹಾರಿರುವುದು. ಕೆಳಗೆ ಕ್ಲಾರಿಯ ಮಾತು: ಕ್ಯಾಪ್ಟನ್ನೂ ಕೋಚೂ ಪಾಮ್‌ರಾಯ್ ಅವರೇ, ಹುಡುಗರು ಹುಮ್ಮಸ್ಸಿನಲ್ಲಿದ್ದಾರೆ, ಈ ಸಲ ಮೊದಲ ನಾಲ್ಕು ತಂಡಗಳಲ್ಲಿ ನಾವಿರುತ್ತೇವೆ.

ಹೋದ ವರ್ಷ ಅವರು ಗೆದ್ದದ್ದು ಎರಡೇ ಪಂದ್ಯ. ಅದರಲ್ಲೊಂದು, ಎದುರಿನವರ ಬಸ್ಸು ಕೆಟ್ಟು ಅರ್ಧ ತಂಡ ಬಂದಿದ್ದಾಗ.

ಬೇಕರಿಯಲ್ಲಿ ಮಾಂಸದ ಪೈ ಕಟ್ಟಿಕೊಟ್ಟವಳು ಲೀತನ ಕೈಹಿಡಿದುಕೊಂಡೇ ಹೇಳಿದಳು. "ಮನೆ ಖಾಲಿ ಮಾಡ್ತೀರಂತೆ ಅಂತ ಯಾರೋ ಪುಕಾರು ಹಬ್ಬಿಸಿದ್ರು. ಪೇಪರ್ ನೋಡಿದ್ಮೇಲೆ ಹೊಟ್ಟೆ ತಣ್ಣಗಾಯ್ತು ನೋಡಪ್ಪ." ಪೆಟ್ರೋಲ್ ಬಂಕಿನವನು ಹೆಬ್ಬೆರಳೆತ್ತಿ ತೋರಿಸಿದ. ಎಲ್ಲರ ಮುಖದಲ್ಲೂ ನಿಜವಾದ ಸಂತೋಷವಿತ್ತು. ಒಬ್ಬರಾದರೂ ಬಯ್ದಿದ್ದರೆ ಅವನಿಗೆ ಬಾಯಿ ಬಿಡುವುದು ಸುಲಭವಾಗುತ್ತಿತ್ತು.

ಐಲ್ಸಾ ಅದನ್ನು ಓದಿದ್ದು ಆಸ್ಪತ್ರೆಯಲ್ಲಿ, ಒಬ್ಬ ರೋಗಿಯ ಹಾಸಿಗೆಯ ಮೇಲೆ ಬಿದ್ದಿದ್ದ ಪತ್ರಿಕೆಯಲ್ಲಿ. ಸಂಜೆ ಮನೆಗೆ ಬಂದು, ತಟ್ಟೆಗಳನ್ನು ಹಳೇ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಾ, ತಲೆಯೆತ್ತದೆ ಕೇಳಿದಳು.

"ನಿನ್ನ ಕೇಳಿ ಹಾಕಿದ್ರಾ?"

"ಇಲ್ಲ ಕಣೇ. ದೇವರಾಣೆ ಇಲ್ಲ."

"ಹಾಗಾದ್ರೆ ಫೋನ್ ಮಾಡಿ ಸುಳ್ಳು ಅಂತ ಹೇಳು."

"ನಾಳೆ ಸಭೆ ಇದೆಯಲ್ಲ, ಅಲ್ಲೇ ಎಲ್ಲರೆದುರು ಹೇಳ್ತೀನಿ."

ಐಲ್ಸಾ ಒಂದು ತಟ್ಟೆಯನ್ನು ಸುತ್ತಿ ಮುಗಿಸಿದಳು. "ಎಲ್ಲರೆದುರು ನೀನು ಯಾವತ್ತು ಇಲ್ಲ ಅಂದಿದ್ದೀಯ ಲೀತ್? ಅವರು ನಿನ್ನನ್ನ ಕಟ್ಟಿಹಾಕಿಲ್ಲ. ನೀನೇ ಹೋಗಿ ಹಗ್ಗ ಕೊಡ್ತೀಯ."

ಅವನು ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತ. ಗುಲಾಬಿ ಎದೆಯ ಗಿಳಿಗಳ ಹಿಂಡೊಂದು ತಂತಿಯ ಮೇಲೆ ಕೂತು ಜಗಳವಾಡುತ್ತಿತ್ತು. ಎತ್ತ ತಿರುಗಿದರೂ ತಡೆಯಿಲ್ಲದ ಬಯಲು, ದಿಗಂತದ ತನಕ. ಅಷ್ಟು ಬಯಲಿನ ನಡುವೆ ಅವನಿಗೆ ಉಸಿರು ಕಟ್ಟಿದಂತಾಯಿತು.

ಗುರುವಾರ ಮೈದಾನಕ್ಕೆ ಬಂದವರು ಹದಿನಾಲ್ಕು ಮಂದಿ. ಬಿಸಿಲಿನ್ನೂ ಇಳಿದಿರಲಿಲ್ಲ. ಹುಲ್ಲು ಸುಟ್ಟು ನೆಲ ಕಲ್ಲಾಗಿತ್ತು. ಪಕ್ಕದ ಅಂಗಳದಲ್ಲಿ ಅದೇ ಕ್ಲಬ್ಬಿನ ಹೆಂಗಸರ ನೆಟ್‌ಬಾಲ್ ತಂಡಗಳು ಕಿಕ್ಕಿರಿದು ಆಡುತ್ತಿದ್ದವು. ಅವರ ಕೂಗಾಟದ ಮುಂದೆ ಈ ಹದಿನಾಲ್ಕು ಗಂಡಸರು ಹೆಣ ಹೊತ್ತವರ ಹಾಗೆ ಓಡುತ್ತಿದ್ದರು. ಲೀತ್ ಗೆರೆಯಾಚೆ ನಿಂತಿರಬೇಕೆಂದೇ ಬಂದಿದ್ದ. ಆದರೆ ಯಾರೋ ಒದ್ದ ಚೆಂಡು ಅವನತ್ತ ಉರುಳಿತು, ಎತ್ತಿಕೊಂಡ, ವಾಪಸ್ ಒದ್ದ, ನೋಡುವಷ್ಟರಲ್ಲಿ ಸೀಟಿ ಅವನ ಕೈಯಲ್ಲಿತ್ತು.

ಸಭೆ ಕ್ಲಬ್ಬಿನ ತಗಡಿನ ಕೋಣೆಯಲ್ಲಿ. ಕಾರ್ಯದರ್ಶಿ ನೊರೀನ್ ನಡಾವಳಿ ಪುಸ್ತಕ ಬಿಡಿಸಿ ಕೂತಳು. ಕ್ಲಾರಿ ಎದ್ದು, ಈ ವರ್ಷ ನಮ್ಮ ಕ್ಲಬ್ಬಿಗೆ ಒಳ್ಳೆಯ ಕಾಲ ಎಂದು ಶುರುಮಾಡಿದ. ಇಪ್ಪತ್ತೊಂದು ಹೆಸರು ಓದಿದ. ಆಮೇಲೆ ಕನ್ನಡಕ ತೆಗೆದು ಸುಮ್ಮನೆ ಲೀತನತ್ತ ನೋಡಿದ. ಎಲ್ಲರೂ ನೋಡಿದರು.

ಲೀತ್ ಎದ್ದು ನಿಂತ.

"ನನ್ನ ಕೈಲಾಗಲ್ಲ" ಎಂದ. "ಐಲ್ಸಾಗೆ ಕೆಲಸ ಸಿಕ್ಕಿದೆ. ನಂಗೂ ಸಿಕ್ಕಿದೆ. ಮಂಡಿ ಹೋಗಿದೆ. ಪೇಪರ್‌ನಲ್ಲಿ ಬಂದಿದ್ದು ನಾನು ಹೇಳಿದ್ದಲ್ಲ. ಈಸ್ಟರ್ ಆದ್ಮೇಲೆ ಹೋಗ್ತಿದ್ದೀವಿ."

ಮೂಲೆಯಿಂದ ಡಾರ್ಸಿ ಕೀಯೋ ಜೋರಾಗಿ ಉಸಿರುಬಿಟ್ಟ. ಡಾರ್ಸಿ ಊರಿನ ಹುಡುಗ, ಜೀಲಾಂಗಿನಲ್ಲಿ ಬಡಗಿ; ಪ್ರತಿ ಶನಿವಾರ ನಾಲ್ಕು ಗಂಟೆ ಕಾರು ಓಡಿಸಿ ಬಂದು ಆಡಿ, ನಾಲ್ಕು ಗಂಟೆ ವಾಪಸ್ ಓಡಿಸುತ್ತಿದ್ದವನು. ಈ ಸಭೆಗೆಂದೇ ರಜೆ ಹಾಕಿ ಬಂದಿದ್ದ.

"ಅಬ್ಬ, ಯಾರೋ ಒಬ್ರು ಹೇಳಿದ್ರಲ್ಲ" ಎಂದ. "ನಾನು ಎರಡು ವರ್ಷದಿಂದ ಬಿಡಬೇಕು ಅಂತಿದ್ದೀನಿ ಮಾರಾಯ. ಮಂಡಿ ಹೋದ ಲೀತೇ ಆಡ್ತಿರೋವಾಗ ನಾನು ಹೆಂಗೆ ಬಿಡ್ಲಿ ಅಂತ ಸುಮ್ನಿದ್ದೆ."

"ನಾನು ಬಿಡ್ದೇ ಇದ್ದದ್ದು ಡಾರ್ಸಿ ಅಷ್ಟು ದೂರದಿಂದ ಬರ್ತಾನಲ್ಲ ಅಂತ" ಎಂದ ಬಾಗಿಲ ಬಳಿಯಿದ್ದ ಟ್ರಕ್ ಡ್ರೈವರ್.

"ಹಂಗಾದ್ರೆ ನಾನು ಯಾರಿಗೋಸ್ಕರ ಓಡ್ತಿದ್ದೆ?" ಎಂದ ಇನ್ನೊಬ್ಬ. ನಗು ಎದ್ದಿತು. ಒಬ್ಬೊಬ್ಬರೂ ಹೇಳತೊಡಗಿದರು: ಬೆನ್ನು, ಎಳೆಗೂಸು, ಬೇರೆ ಊರಿನ ಹುಡುಗಿ. ವರ್ಷಗಟ್ಟಲೆ ಪರಸ್ಪರರ ಮುಖ ನೋಡಿ ನೋಡಿಯೇ ಅವರೆಲ್ಲ ಅಲ್ಲಿ ಉಳಿದಿದ್ದರು. ಕೊನೆಗೆ ಕ್ಲಾರಿ ಕುರ್ಚಿಯಲ್ಲಿ ಕುಸಿದು ಕೂತು ಹೇಳಿದ. "ನನ್ನ ಹೆಂಡ್ತಿ ಜೀನ್ ಬ್ಯಾಲರಟ್ಟಿನ ವೃದ್ಧಾಶ್ರಮದಲ್ಲಿದ್ದಾಳೆ, ನಿಮಗೆಲ್ಲ ಗೊತ್ತು. ಶನಿವಾರ ಶನಿವಾರ ನಾನು ಅವಳ ಹತ್ರ ಇರ್ಬೇಕು. ಇಲ್ಲಿ ಗೇಟ್ ಕಾಯ್ತಾ ಇರ್ತೀನಿ. ಇತ್ತೀಚೆಗೆ ನನ್ನ ಹೆಸರು ಮರೀತಾಳೆ."

ನಗು ನಿಂತಿತು. ಆದರೆ ಕೋಣೆ ಹಗುರಾಗಿತ್ತು. ಕೊರಳ ಗುಂಡಿ ಬಿಚ್ಚಿದ ಹಾಗೆ ಲೀತನಿಗೆ ಅನ್ನಿಸಿತು. ಮುಗಿಯಿತು, ಇಷ್ಟೇ ಇದ್ದದ್ದು, ಎಂದುಕೊಂಡ.

ಆಗ ನೆಟ್‌ಬಾಲ್ ಕ್ಯಾಪ್ಟನ್ ಟೀಗನ್, ಬೆವರಿನ ಬಟ್ಟೆಯಲ್ಲೇ ಗೋಡೆಗೊರಗಿ ನಿಂತಿದ್ದವಳು, ಮುಂದೆ ಬಂದಳು.

"ಮುಗೀತಾ ನಿಮ್ಮದೆಲ್ಲ? ನಮ್ಮನ್ನ ಯಾರಾದ್ರೂ ಕೇಳಿದ್ರಾ? ನಮ್ಮದು ನಾಲ್ಕು ತಂಡನೂ ಭರ್ತಿ ಇದೆ. ಹೋದ ವರ್ಷ ಎರಡು ತಂಡ ಫೈನಲ್ ಆಡಿದ್ವು. ಲೀಗಿನ ನಿಯಮ ಗೊತ್ತಲ್ಲ, ಗಂಡಸರ ತಂಡ ಇಲ್ಲ ಅಂದ್ರೆ ನಮ್ಮದೂ ಇಲ್ಲ. ನಲವತ್ತು ಜನ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕು? ಸೋಲೋದು ನೀವು, ಮನೇಲಿ ಕೂರೋದು ನಾವಾ?"

ಕೊಟ್ಟ ಬಿಡುಗಡೆಯನ್ನು ಯಾರೋ ಕಸಿದುಕೊಂಡಂತೆ ಗಂಡಸರು ನೆಲ ನೋಡಿದರು.

"ಓಟಿಗೆ ಹಾಕೋಣ" ಎಂದ ಕ್ಲಾರಿ. "ಮುಚ್ಚೋಣ ಅನ್ನೋರು ಕೈ ಎತ್ತಿ."

ಐದು ನಿಮಿಷದ ಹಿಂದೆ ಬಿಡಬೇಕು ಎಂದವರು ಹನ್ನೊಂದು ಜನ. ಒಂದು ಕೈಯೂ ಏಳಲಿಲ್ಲ. ಲೀತ್ ತನ್ನ ಕೈಯನ್ನೇ ನೋಡಿಕೊಂಡ. ಅದು ತೊಡೆಯ ಮೇಲೆ ಸೀಸದ ಗುಂಡಿನ ಹಾಗೆ ಬಿದ್ದಿತ್ತು.

"ಆಡೋಣ ಅನ್ನೋರು?"

ಟೀಗನ್ ಕೈ ಮೊದಲು ಎದ್ದಿತು. ಆಮೇಲೆ ಡಾರ್ಸಿಯದು, ತಲೆಯಲ್ಲಾಡಿಸುತ್ತಾ. ಆಮೇಲೆ ಒಂದೊಂದಾಗಿ ಎಲ್ಲ. ಕೊನೆಗೆ ಉಳಿದದ್ದು ಒಂದೇ ಕೈ. ಯಾರೂ ಅವನತ್ತ ನೋಡದಿರಲು ಹೆಣಗುತ್ತಿದ್ದರು. ಅದನ್ನು ತಾಳಲಾರದೆ ಲೀತ್ ಕೈ ಎತ್ತಿದ.

"ಒಂದು ಷರತ್ತು" ಎಂದ, ಗಟ್ಟಿಯಾಗಿ. "ಇದೇ ಕಡೇ ವರ್ಷ. ಬರೀ ಬಾಯಿ ಮಾತಲ್ಲ. ನೊರೀನ್, ಪುಸ್ತಕದಲ್ಲಿ ಬರೀರಿ. ಈ ಸೀಸನ್ ಮುಗಿದ ಮೇಲೆ ಬೆರಿಂಗಾ ಕ್ಲಬ್ಬಿನ ಜತೆ ಸೇರ್ಕೊಳ್ಳೋದು, ಅಂತ."

ನೊರೀನ್ ಪೆನ್ನು ಎತ್ತಲಿಲ್ಲ. ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿ, ಅವನ ಮುಂದಿಟ್ಟು, ಬೆರಳಿಟ್ಟು ತೋರಿಸಿದಳು. ಹೋದ ಮಾರ್ಚಿನಲ್ಲಿ ಅದೇ ನಿರ್ಣಯವಿತ್ತು. ಅದರ ಹಿಂದಿನ ಮಾರ್ಚಿನಲ್ಲೂ. ಅದರ ಹಿಂದಿನದರಲ್ಲೂ. ಪ್ರತಿಯೊಂದರ ಕೆಳಗೂ, ಅನುಮೋದಿಸಿದವರು ಎಂಬಲ್ಲಿ, ಲೀತನದೇ ಸಹಿ.

"ಮತ್ತೆ ಬರೀಲಾ?" ಎಂದು ಕೇಳಿದಳು. ಕೇಳಿದ್ದರಲ್ಲಿ ಕುಹಕವಿರಲಿಲ್ಲ.

"ಬರೀರಿ" ಎಂದ ಲೀತ್. ಬರೆದಳು. ಅವನು ಸಹಿ ಹಾಕಿದ. ಪಟ್ಟಿಯ ಕೆಳಗೆ ಇಪ್ಪತ್ತೆರಡನೆಯ ಹೆಸರನ್ನೂ ತಾನೇ ಬರೆದ.

ಮನೆಯಲ್ಲಿ ಅವನು ಬೂಟು ಬಿಚ್ಚಿ ಒಳಗೆ ಬಂದ ರೀತಿಯಲ್ಲೇ ಐಲ್ಸಾಗೆ ಗೊತ್ತಾಯಿತು. ಪೆಟ್ಟಿಗೆಯೊಂದನ್ನು ತೆರೆದು ಎರಡು ತಟ್ಟೆ, ಒಂದು ಲೋಟ, ಒಂದು ಬಾಣಲೆ ಹೊರಗಿಟ್ಟಳು.

"ಇದು ನಿಂಗೆ" ಎಂದಳು.

"ಬಂದರಿನವರನ್ನ ಅಕ್ಟೋಬರ್ ತನಕ ಕಾಯ್ರಿ ಅಂತ ಕೇಳ್ತೀನಿ."

"ಕೇಳು." ಪೆಟ್ಟಿಗೆಯನ್ನು ಮತ್ತೆ ಮುಚ್ಚುತ್ತಾ ಹೇಳಿದಳು. "ಸಿಟ್ಟಿಲ್ಲ ಲೀತ್. ನಿಜವಾಗ್ಲೂ ಇಲ್ಲ. ಆದ್ರೆ ನಾನಿಲ್ಲಿ ಇನ್ನೊಂದು ಚಳಿಗಾಲ ಕೂರಲ್ಲ."

ಈಸ್ಟರ್ ಕಳೆದ ಮಂಗಳವಾರ ಅವಳು ಹೊರಟಳು. ಸಾಮಾನೆಲ್ಲ ಅವಳ ಕಾರಿನಲ್ಲೇ ಹಿಡಿಸಿತು, ಅವನದು ಉಳಿದದ್ದರಿಂದ. ಬಂದರಿನ ಮೇಸ್ತ್ರಿ ಫೋನಿನಲ್ಲಿ, ನೋಡೋಣ, ಭರವಸೆ ಕೊಡಕ್ಕಾಗಲ್ಲ, ಎಂದ.

ಮೊದಲ ಪಂದ್ಯ ಆ ಶನಿವಾರವೇ, ಬೆರಿಂಗಾದ ಮೇಲೆ, ನುಲ್ಲಾಕಿನ ಮೈದಾನದಲ್ಲಿ. ಬೆಳಗ್ಗೆ ನೆಟ್‌ಬಾಲಿನವರು ನಾಲ್ಕೂ ಪಂದ್ಯ ಗೆದ್ದರು. ಮಧ್ಯಾಹ್ನ ಗಂಡಸರು ಹದಿನೇಳು ಗೋಲಿನಿಂದ ಸೋತರು. ಲೀತನ ಎದುರು ಹಾರುತ್ತಿದ್ದವನು ಹತ್ತೊಂಬತ್ತರ ನೀಳಕಾಯದ ಹುಡುಗ. ಪ್ರತಿ ಸಲವೂ ಚೆಂಡು ಅವನದೇ ಆಯಿತು. ಆಟದ ಮೂರನೇ ಕಾಲುಭಾಗದಲ್ಲಿ, ಇಬ್ಬರೂ ನೆಲಕ್ಕೆ ಬಿದ್ದಾಗ, ಹುಡುಗ ಕೈಕೊಟ್ಟು ಎಬ್ಬಿಸುತ್ತಾ ಕೇಳಿದ.

"ಯಾಕೆ ತಾತ, ಇನ್ನೂ ಆಡ್ತಿದ್ದೀರಾ?"

ಕೆಣಕಲೆಂದು ಕೇಳಿದ್ದು. ಆದರೆ ಲೀತ್ ಕ್ಷಣಹೊತ್ತು ನಿಂತು ನಿಜವಾಗಿಯೂ ಯೋಚಿಸಿದ. ಉತ್ತರ ಸಿಗುವ ಮೊದಲೇ ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದ.

ಆಟ ಮುಗಿದ ಮೇಲೆ ಕಾರಿನಲ್ಲಿ ಕೂತು ಐಲ್ಸಾಗೆ ಫೋನ್ ಮಾಡಿದ. ಆ ಕಡೆ ಗಾಳಿಯ ಸದ್ದು ಜೋರಾಗಿತ್ತು. ಅವಳು ದಂಡೆಯ ಮೇಲೆ ನಡೆಯುತ್ತಿದ್ದಳು.

"ಎಷ್ಟರಲ್ಲಿ ಸೋತ್ರಿ?"

"ಹದಿನೇಳು."

"ಮಂಡಿ?"

"ಊದಿದೆ."

ಗಾಳಿ ಹೆಚ್ಚಾಯಿತು. ಅವಳು ಇನ್ನೇನೋ ಹೇಳಿದಳು, ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳು ಎನ್ನುವಷ್ಟರಲ್ಲಿ ಕ್ಲಾರಿ ಕಾರಿನ ಗಾಜು ತಟ್ಟಿದ. ಮುದುಕನ ಕೈಯಲ್ಲಿ ಮುಂದಿನ ಶನಿವಾರದ ತಂಡದ ಖಾಲಿ ಹಾಳೆಯಿತ್ತು. ಲೀತ್ ಒಂದು ಬೆರಳೆತ್ತಿ, ಒಂದು ನಿಮಿಷ, ಎಂದು ಸನ್ನೆ ಮಾಡಿದ. ಕ್ಲಾರಿ ತಲೆಯಾಡಿಸಿ, ಬಾನೆಟ್ಟಿಗೆ ಒರಗಿ ನಿಂತುಕೊಂಡು ಕಾಯತೊಡಗಿದ.