ಮೊದಲ ಸೌಟು

ಮೊದಲ ಗುಟುಕಿಗೇ ಚರ್ಚಿನ ಅಯ್ಯನವರ ಮುಖ ಕಿವುಚಿಕೊಂಡಿತು. ಲೋಟವನ್ನು ಮೆಲ್ಲಗೆ ಕುರ್ಚಿಯ ಕೆಳಗಿಟ್ಟು, "ಮಾರ್ಥಮ್ಮ, ಟೀಗೆ ಉಪ್ಪು ಬಿದ್ದಿದೆ" ಎಂದರು.

ಪಕ್ಕದ ಮನೆಯ ಗೌರಮ್ಮ ಅಡುಗೆಮನೆಯಿಂದ ಓಡಿ ಬಂದರು. "ಅಯ್ಯೋ, ನನ್ ಕಣ್ಣಿಗಿಷ್ಟು! ಸಕ್ಕರೆ ಅಂತ ಸುರಿದ್ಬಿಟ್ನಲ್ಲ. ಟೀ ಪುಡಿ ಪಕ್ಕದಾಗೆ ಯಾರಾನ ಉಪ್ಪಿನ ಡಬ್ಬಿ ಇಕ್ತಾರಾ? ಮೇಡಮ್ಮೋರು ಒಬ್ರೇಯ!"

ಶಾಮಿಯಾನದ ಕೆಳಗೆ ಕೂತಿದ್ದವರು ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಕೂಡಲೇ ಸುಮ್ಮನಾದರು. ಒಳಗೆ ಸಾಲೋಮಿ ಟೀಚರ್ ಪೆಟ್ಟಿಗೆಯಲ್ಲಿ ಮಲಗಿದ್ದರು. ಎಪ್ಪತ್ತೊಂದು ವರ್ಷ. ಹನ್ನೊಂದು ವರ್ಷ ಮಂಗೋಲಿಯದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ, ಅಟ್ಟೂರಿನ ಈ ಎರಡು ಕೋಣೆಯ ಮನೆಗೆ ಬಂದು ನೆಲೆಸಿದ್ದರು.

ತಂಗಿ ಮಾರ್ಥಾ ಅವರ ಕೈಯಲ್ಲಿ ಒಂದು ಹಾಳೆಯಿತ್ತು. ಸಮಾಧಿಯ ಬಳಿ ಓದಬೇಕಾದ ಅಕ್ಕನ ಜೀವನಚರಿತ್ರೆ. ಹುಟ್ಟು, ದೀಕ್ಷಾಸ್ನಾನ, ಓದು, ಸೇವೆ ಎಲ್ಲ ಬರೆದಾಗಿತ್ತು. 'ಇವರ ಮೂಲಕ ಕ್ರಿಸ್ತನ ಬಳಿಗೆ ಬಂದವರು' ಎಂಬ ಸಾಲಿನ ಮುಂದೆ ಮಾತ್ರ ಖಾಲಿ.

"ಏನಾದ್ರೂ ಹಾಕ್ಬೇಕಲ್ಲಮ್ಮ," ಅಯ್ಯನವರು ದನಿ ತಗ್ಗಿಸಿದರು. "ಸಭೆಯವರೆಲ್ಲ ಪ್ರಾರ್ಥನೆ ಮಾಡಿ ಕಳ್ಸಿದ್ರು. ಹತ್ತು ಜನ ಅನ್ನೋಣ್ವಾ?"

"ಅಕ್ಕ ಬದುಕಿದ್ದಾಗ್ಲೇ ಸುಳ್ಳು ಬರೀಲಿಲ್ಲ ಅಯ್ಯನವ್ರೇ. ಈಗ ಅವಳ ಮುಂದೆ ನಿಂತು ನಾನು ಹೇಗೆ ಓದ್ಲಿ?" ಮಾರ್ಥಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಯಾರೂ ಇಲ್ಲ ಅಂತ ಓದಿದ್ರೆ, ಸುಮ್ನೆ ಹಿಮದಲ್ಲಿ ಕೂತು ಬಂದ್ಲು ಅಂತಾರೆ. ಅದನ್ನೂ ಕೇಳಕ್ಕಾಗಲ್ಲ."

* * *

ಮಂಗೋಲಿಯದಲ್ಲಿ ಶನಿವಾರದ ಮಧ್ಯಾಹ್ನಗಳಲ್ಲಿ ನಾಲ್ಕೈದು ವಿದ್ಯಾರ್ಥಿಗಳು ಟೀಚರ್ ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ಬೂಟಿನ ಹಿಮ ಒದರಿ, ಒಲೆಯ ಪಕ್ಕ ಕೂತು, ಸರಳ ಇಂಗ್ಲಿಷಿನ ಸುವಾರ್ತೆಯನ್ನು ಒಬ್ಬೊಬ್ಬರು ಒಂದೊಂದು ವಾಕ್ಯದಂತೆ ಓದುತ್ತಿದ್ದರು. ಓದಲೇಬೇಕೆಂದಿಲ್ಲ, ಟೀ ಕುಡಿದು ಹೋದರೂ ಸಂತೋಷವೇ ಎಂದು ಟೀಚರ್ ಮೊದಲೇ ಹೇಳಿದ್ದರು. ಆ ದೇಶದ ಉಪ್ಪು ಹಾಕಿದ ಹಾಲಿನ ಟೀ ಮಾಡುವುದನ್ನು ಟೀಚರ್ ಆ ವಿದ್ಯಾರ್ಥಿಗಳಿಂದಲೇ ಕಲಿತಿದ್ದರು.

ಒಂದು ದಿನ ಸಾರ್ನೈ ಎಂಬ ಹುಡುಗಿ ಎಲ್ಲರೂ ಹೋದ ಮೇಲೂ ಉಳಿದಳು.

"ಟೀಚರ್, ನಮ್ಮಮ್ಮ ದಿನಾ ಬೆಳಿಗ್ಗೆ ಟೀಯ ಮೊದಲ ಸೌಟನ್ನು ಹೊರಗೆ ಹೋಗಿ ಆಕಾಶಕ್ಕೆ ಎರಚುತ್ತಾಳೆ. ಯೇಸುವನ್ನು ನಂಬಿದರೆ ನಾನು ಅದನ್ನು ಬಿಡಬೇಕಾ?"

ಟೀಚರ್ ಅವಳ ಪಕ್ಕ ಬಂದು ಕೂತರು. "ಎರಚುವಾಗ ಅಮ್ಮ ಏನು ಬೇಡಿಕೊಳ್ಳುತ್ತಾಳೆ?"

"ಮಕ್ಕಳು ಚೆನ್ನಾಗಿರಲಿ ಅಂತ."

"ಹಾಗಾದರೆ ಅವಳಿಗೆ ಕೈನೋವು ಬಂದ ದಿನ ಸೌಟನ್ನು ನೀನು ಹಿಡಿದುಕೋ. ಉಳಿದದ್ದು ನಿಧಾನಕ್ಕೆ ನೋಡೋಣ. ದೇವರಿಗೇನೂ ಅವಸರವಿಲ್ಲ."

ತಮ್ಮನ್ನು ಕಳಿಸಿದ ಸಭೆಗೆ ಬರೆಯುವ ಆ ವರ್ಷದ ವರದಿಯಲ್ಲಿ ಟೀಚರ್ ಇದನ್ನೆಲ್ಲ ನಡೆದ ಹಾಗೆಯೇ ಬರೆದರು. ಕ್ರಿಸ್ತನ ಬಳಿಗೆ ಬಂದವರ ಸಂಖ್ಯೆಯ ಜಾಗದಲ್ಲಿ ಸೊನ್ನೆ ಹಾಕಿದರು. ಮರುವರ್ಷವೇ ಕಳಿಸಿದವರು ಅವರನ್ನು ವಾಪಸು ಕರೆಸಿಕೊಂಡರು.

* * *

ಹನ್ನೊಂದರ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಬಿಳಿ ಚೂಡಿದಾರದ ಯುವತಿಯೊಬ್ಬಳು ಇಳಿದು ನೇರ ಒಳಗೆ ಹೋದಳು. ಟೀಚರ್ ಪಾದದ ಮೇಲೆ ಕೈಯಿಟ್ಟು ನಿಂತಳು.

"ಭಾನುವಾರ ಬರೋ ಉಡುಗಿ ಇವ್ಳೇ," ಗೌರಮ್ಮ ಮಾರ್ಥಾರ ಕಿವಿಯಲ್ಲಿ ಹೇಳಿದರು. "ಮೇಡಮ್ಮೋರು ಉಸಾರಿಲ್ದೆ ಮನ್ಯಾಗೇ ಇರ್ತಿದ್ರು, ನೀವು ಚರ್ಚಿಗೋಗಿರ್ತೀರಲ್ಲ, ಕಂಡಿಲ್ಲ. ಮಣಿಪುರದೋಳು ಅನ್ಕೊಂಡಿದ್ದೆ, ಅದಕ್ಕೂ ಆಚೆಯಂತೆ. ಎಬ್ಬಾಳದಾಗೆ ದನದ್ ಡಾಕ್ಟ್ರು ಓದ್ತಾವ್ಳೆ."

ಹೊರಗೆ ಬಂದವಳ ಕೈಗೆ ಯಾರೋ ಲೋಟ ಕೊಟ್ಟರು. ಗೌರಮ್ಮ ಹೌಹಾರಿದರು. "ಬ್ಯಾಡ ಮಗಾ, ಸಾಲ್ಟು! ಸಾಲ್ಟು!"

"ಉಪ್ಪಾ?" ಸಾರ್ನೈ ಲೋಟವನ್ನು ಮೂಗಿನ ಹತ್ತಿರ ತಂದಳು. ಅವಳ ಕಣ್ಣು ತುಂಬಿತು. "ಆ ಡಬ್ಬಿ ಟೀಚರ್ ನನಗೋಸ್ಕರ ಇಟ್ಟಿದ್ದು," ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಮಾರ್ಥಾ ತಡೆಯಲಾರದೆ ಇಂಗ್ಲಿಷಿನಲ್ಲೇ ಕೇಳಿದರು. "ನೀನು ದೀಕ್ಷಾಸ್ನಾನ ತಗೊಂಡಿದ್ದೀಯಾ, ಮಗಳೇ?"

"ಇನ್ನೂ ಇಲ್ಲ, ಆಂಟಿ." ಹುಡುಗಿ ತಲೆ ತಗ್ಗಿಸಿದಳು. "ಅಮ್ಮನಿಗೆ ಕೈನೋವು ಬಂತು. ಇಲ್ಲಿಗೆ ಬರುವವರೆಗೂ ಸೌಟು ನಾನೇ ಹಿಡಿದೆ. ಎರಚುವಾಗ ಟೀಚರ್ ಕಲಿಸಿದ ಪ್ರಾರ್ಥನೆ ಹೇಳುತ್ತಿದ್ದೆ. ಕೇಳಿ ಕೇಳಿ ಅಮ್ಮನಿಗೂ ಬಾಯಿಪಾಠವಾಗಿದೆ. ಈಗ ಅವಳೂ ಅದನ್ನೇ ಹೇಳುತ್ತಾಳೆ, ಇಂಗ್ಲಿಷಿನಲ್ಲಿ. ಅವಳಿಗೆ ಬರುವ ಇಂಗ್ಲಿಷ್ ಅಷ್ಟೇ."

ಅಯ್ಯನವರು ಮಾರ್ಥಾರ ಕೈಯ ಹಾಳೆಯತ್ತ ನೋಡಿದರು. "ಇದನ್ನ ಎಷ್ಟು ಅಂತ ಬರೆಯೋದು ಮಾರ್ಥಮ್ಮ?"

"ಬರೆಯೋದು ಬೇಡ. ಆ ಸಾಲು ಬಿಡ್ತೀನಿ. ಇವಳು ಹೇಳಿದ್ದನ್ನ ಹೇಳ್ತೀನಿ."

ಸಾರ್ನೈ ಅಂಗಳದ ನಡುವೆ ಬಂದು, ಎರಚಲೆಂದು ಲೋಟ ಎತ್ತಿ ಮೇಲೆ ನೋಡಿದಳು. ಮೇಲೆ ಶಾಮಿಯಾನದ ಕೆಂಪು ಹಳದಿ ಬಟ್ಟೆ. ಗೇಟಿನ ತನಕ ಅದೇ. ಅವಳು ಅಯ್ಯನವರ ಮುಖ ನೋಡಿ, ಲೋಟ ಕೆಳಗಿಳಿಸಿದಳು.

ಮಾರ್ಥಾ ಮೂಲೆಯ ಗಳದ ಹತ್ತಿರ ಹೋದರು. ಹಾಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ತುದಿಗಾಲಲ್ಲಿ ನಿಂತು ಹಗ್ಗದ ಗಂಟು ಬಿಚ್ಚಿ, ಬಟ್ಟೆಯನ್ನು ಎರಡೂ ಕೈಯಿಂದ ಸರಿಸಿ ಹಿಡಿದರು. ಅಷ್ಟಗಲ ನೀಲಿ ಕಂಡಿತು.

ಅಯ್ಯನವರು ಬಗ್ಗಿ, ಕುರ್ಚಿಯ ಕೆಳಗಿಟ್ಟಿದ್ದ ತಮ್ಮ ಲೋಟವನ್ನು ಎತ್ತಿಕೊಂಡು ಆ ನೀಲಿಯ ಕೆಳಗೆ ಬಂದರು.