ಮೂತಿಯಿಲ್ಲದ ಹರಿಗೋಲು

ನೆರಳುಗಳು ಇನ್ನೂ ಮನುಷ್ಯರ ಕಾಲಿಗೆ ಬಿಗಿಯಾಗಿ ಅಂಟಿಕೊಂಡಿರದ ಕಾಲವೊಂದಿತ್ತು. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬಂದ ಕೂಡಲೇ ಊರಿನ ನೆರಳುಗಳೆಲ್ಲ ಮೆಲ್ಲಗೆ ಕಾಲು ಬಿಡಿಸಿಕೊಳ್ಳುತ್ತಿದ್ದವು. ಹೊಳೆಯ ನೀರಿನ ಮೇಲೆ ಜಾರಿ, ಆಚೆ ದಡದ ಹೊಂಗೆ ಮರಗಳ ಕೆಳಗೆ ತಂಪು ಮಾಡಿಕೊಳ್ಳಲು ಹೋಗುತ್ತಿದ್ದವು. ಹೊತ್ತು ವಾಲಿದಂತೆ ಒಂದೊಂದೇ ಹಿಂದಿರುಗುತ್ತಿದ್ದವು. ನಡುಮಧ್ಯಾಹ್ನ ನಿಮ್ಮ ಕಾಲಬುಡದಲ್ಲಿ ಈಗಲೂ ನೆರಳು ಕಾಣದಿದ್ದರೆ, ಅದು ಎಲ್ಲಿಗೆ ಹೋಗಿದೆಯೆಂದು ನಿಮಗೆ ಗೊತ್ತಾಯಿತಲ್ಲ.

ನಾನು ಆ ಹೊಳೆಯ ಒಂದು ಹರಿಗೋಲು. ಹುಟ್ಟುವ ಮೊದಲು ಬಿದಿರಾಗಿದ್ದೆ. ಮೇದಾರ ದುರುಗವ್ವ ನನ್ನನ್ನು ಕಡಿದು ತಂದು, ಸೀಳಿ, ಅಂಗಳದಲ್ಲಿ ಹರಡಿಕೊಂಡು ನೇಯತೊಡಗಿದಳು. ನಡುವಿನಿಂದ ಶುರುಮಾಡಿ ಸುತ್ತಲೂ ಬೆಳೆಸುತ್ತ ಹೋದಳು. ನಾನು ಮೇಲೇಳದಂತೆ ಕಲ್ಲು ಹೇರಿದಳು. ನಾನು ಮೊದಲು ಕಂಡದ್ದು ಅವಳ ಗದ್ದವನ್ನು, ಆಮೇಲೆ ಎಲೆಯಡಿಕೆ ತುಂಬಿದ ಅವಳ ದವಡೆಯನ್ನು. ಕೆಳಗೆ ಮಲಗಿದ್ದವರಿಗೆ ಮನುಷ್ಯರು ಹಾಗೆಯೇ ಕಾಣುತ್ತಾರೆ.

ನನ್ನ ಮೇಲೆ ಕಲ್ಲು ಹೇರಿದ್ದಂತೆ ಅವಳ ಮೊಮ್ಮಗಳ ಉಡಿಯಲ್ಲೂ ಕಲ್ಲಿತ್ತು. ಹುಲಿಗೆವ್ವ ಎಂಬ ಆ ಪುಟ್ಟ ಹುಡುಗಿಯ ನೆರಳು ಒಂದು ಸಂಜೆ ಆಚೆ ದಡದಲ್ಲಿ ನಿದ್ದೆಹೋಗಿ, ಹಿಂದೆ ಬರುವುದನ್ನೇ ತಪ್ಪಿಸಿಕೊಂಡಿತ್ತು. ಹಾಗೆ ಉಳಿದುಹೋದ ನೆರಳಿಗೆ ಹೊಳೆ ಮತ್ತೆ ದಾರಿ ಕೊಡುವುದಿಲ್ಲ. ನೆರಳಿನ ಒಡತಿಯೇ ಹೋಗಿ ಕರೆತರಬೇಕು. ಮನುಷ್ಯರ ತೂಕವಿರುವುದು ನೆರಳಿನಲ್ಲಿ ನೋಡಿ. ಅದಿಲ್ಲದೆ ಹುಲಿಗಿ ದಿನೇದಿನೇ ಹಗುರಾಗುತ್ತಿದ್ದಳು. ಜೋರಾಗಿ ನಕ್ಕರೂ ಸಾಕು, ನೆಲ ಬಿಟ್ಟು ಮೊಳದಷ್ಟು ಮೇಲೇಳುತ್ತಿದ್ದಳು.

"ಅಜ್ಜೀ, ಇದರ ಮೂತಿ ಎಲ್ಲೈತಿ?" ಎಂದು ಅವಳು ನನ್ನ ಸುತ್ತ ಸುತ್ತಿ ಕೇಳಿದಳು.

"ಮೂತಿ ಯಾಕವ್ವ? ಹೊಳಿ ನೋಡಿಬಿಡ್ತೈತಿ," ಎಂದು ದುರುಗವ್ವ ನಕ್ಕಳು.

ಹುಡುಗಿಗೆ ಅದು ತಿಳಿಯಲಿಲ್ಲ. ತೊಗಲು ಹೊದಿಸಿ ರಾಳ ಬಳಿದ ದಿನ ದುರುಗವ್ವ ನನ್ನ ಅಂಚಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದಳು. ಮೇದಾರರ ಪದ್ಧತಿ ಅದು: ನೇಯ್ದವರು ಹರಿಗೋಲಿಗೆ ಅದರ ಕೆಲಸವನ್ನು ಗುಟ್ಟಾಗಿ ಹೇಳಬೇಕು, ಇನ್ನೊಬ್ಬರ ಕಿವಿಗೆ ಬೀಳಬಾರದು.

"ಕೇಳಿಲ್ಲಿ. ಆಚೀ ದಡಕ್ಕ ಹೊಂಟ ದೋಣಿನ್ನ ಹೊಳಿ ಬಿಡೂದಿಲ್ಲ. ಮೂತಿ ಯಾವ ಕಡಿ ಐತಿ ಅಂತ ನೋಡಿ ಹೊಳ್ಳಿಸಿ ಕಳಸ್ತೈತಿ. ನಿನಗ ಹಿಂದೂ ಇಲ್ಲ, ಮುಂದೂ ಇಲ್ಲ. ನೀ ಎತ್ತ ಹೊಂಟೀ ಅಂತ ಅದಕ್ಕ ತಿಳಿಯಂಗಿಲ್ಲ. ನನ್ನ ಕೂಸಿನ್ನ ಆಚೀಗೆ ಮುಟ್ಟಿಸು. ನೆಳ್ಳಿನ ಜೋಡಿ ಈಚೀಗೆ ಮುಟ್ಟಿಸು. ಮಾತು ಕೊಡು."

ನಾನು ಕೊಟ್ಟೆ. ಬಿದಿರು ಒಣಗುವಾಗ ಟಿಕ್ಕೆನ್ನುತ್ತದಲ್ಲ, ಹಾಗೆ ಅಂದೆ.

ರಾಳ ಒಣಗುವುದರೊಳಗೆ ದುರುಗವ್ವನಿಗೆ ಜ್ವರ ಬಂತು. ಆ ಜ್ವರದಿಂದ ಅವಳು ಏಳಲಿಲ್ಲ. ಈಚೆ ದಡದಗುಂಟ ದೋಣಿ ನಡೆಸುತ್ತಿದ್ದ ಪಕ್ಕದ ಮನೆಯ ಅಂಬಿಗ ಮಾಳಪ್ಪ ಹುಲಿಗಿಯನ್ನೂ ನನ್ನನ್ನೂ ತನ್ನ ಮನೆಗೆ ಕರೆದೊಯ್ದ. "ಅಳಬ್ಯಾಡವ್ವ, ಈ ಹರಿಗೋಲಿನ್ಯಾಗ ನಾನಾ ನಿನ್ನ ಆಚೀ ದಡಕ್ಕ ಒಯ್ತೀನಿ," ಎಂದ.

ಮಾಳಪ್ಪನಷ್ಟು ಒಳ್ಳೆಯ ಮನುಷ್ಯ ಆ ಊರಿನಲ್ಲಿರಲಿಲ್ಲ. ಅವನ ಒಳ್ಳೆಯತನವೇ ನಮಗೆ ಅಡ್ಡವಾಯಿತು. ಹರೆಯದಲ್ಲಿ ಅವನು ಕಡಲ ಕಡೆ ದುಡಿದಿದ್ದ. ದಾರಿ ಕಾಣಲೆಂದು ಅಲ್ಲಿಯವರು ದೋಣಿಗೆ ಕಣ್ಣು ಬರೆಯುತ್ತಾರಂತೆ. ನೀರಿಗಿಳಿಸುವ ಮುನ್ನ ಅವನು ಸುಣ್ಣ, ಕೆಮ್ಮಣ್ಣು ಕಲಸಿ ನನ್ನ ಅಂಚಿಗೆ ಎರಡು ದೊಡ್ಡ ಕಣ್ಣು ಬರೆದ. ಕಣ್ಣಿದ್ದಲ್ಲಿ ಮೂತಿ ಇದ್ದಂತೆಯೇ. ನನಗೆ ಮುಂದು ಹಿಂದು ಹುಟ್ಟಿಬಿಟ್ಟಿತು! ಅಳಿಸು ಮಾರಾಯ ಎಂದು ನಾನೆಷ್ಟು ಕಿರುಗುಟ್ಟಿದೆನೋ. ಹೊಸ ಬಿದಿರು ಮಾತಾಡುತ್ತಿದೆ ಎಂದು ಅವನು ಪ್ರೀತಿಯಿಂದ ತಟ್ಟಿದ, ಅಷ್ಟೆ.

ನಡುಹೊಳೆಯಲ್ಲಿ ನೀರು ನನ್ನ ಕಣ್ಣನ್ನು ನೋಡಿತು. ಓಹೋ, ಆಚೆಗೆ ಹೊರಟಿದ್ದೀಯಾ ಎಂದು, ಮಕ್ಕಳು ತಟ್ಟೆ ತಿರುಗಿಸಿದಂತೆ ಗರಗರ ತಿರುಗಿಸಿ ಈಚೆಗೇ ತಳ್ಳಿತು.

"ಪಾಪ, ಇದಕ್ಕ ದೂರಂದು ಕಾಣವಲ್ದು," ಎಂದು ಮಾಳಪ್ಪ ಕಣ್ಣುಗಳನ್ನು ಇನ್ನೂ ದೊಡ್ಡದು ಮಾಡಿದ. ಮತ್ತೆ ಹೋದೆವು, ಮತ್ತೆ ಬಂದೆವು. ಅವನು ರೆಪ್ಪೆ ಬರೆದ, ಹುಬ್ಬು ತೀಡಿದ.

"ಕಾಡಿಗಿ ಒಂದು ಬಾಕಿ ಐತಿ ನೋಡು ಕಾಕಾ," ಎಂದು ಹುಲಿಗಿ ನಕ್ಕು ಮೇಲೇರಿದಳು. ಅವನು ಅವಳ ಲಂಗ ಹಿಡಿದು ಕೆಳಗೆಳೆದು, ನಿಜವಾಗಿಯೂ ಕಾಡಿಗೆ ತಂದು ಹಚ್ಚಿದ. ಮದುವಣಗಿತ್ತಿಯ ಹಾಗೆ ಸಿಂಗಾರಗೊಂಡು ನಾನು ಪ್ರತಿ ಬೇಸಿಗೆಯಲ್ಲೂ ಸೋತು ಬಂದೆ. ಹುಡುಗಿಯ ಉಡಿಯಲ್ಲಿ ಕಲ್ಲುಗಳು ಹೆಚ್ಚುತ್ತ ಹೋದವು. ಅವಳು ನಗುವುದು ಕಡಿಮೆಯಾಯಿತು.

ವರ್ಷಗಳು ಕಳೆದವು. ನನ್ನ ತೊಗಲು ಬಿರಿಯಿತು. ಮಾಳಪ್ಪನ ತೋಳಿನ ಶಕ್ತಿಯೂ ಕುಂದಿತು. ಅವನು ನನ್ನನ್ನು ಹಿತ್ತಲಿನಲ್ಲಿ ಬೋರಲು ಹಾಕಿದ. ನನ್ನ ಅಡಿಯಲ್ಲಿ ಕೋಳಿಗಳು ಸಂಸಾರ ಹೂಡಿದವು. ಹುಂಜವೊಂದು ದಿನಾ ನನ್ನ ಮೇಲೆ ಹತ್ತಿ ಕೂಗುತ್ತಿತ್ತು, ತನ್ನದೇ ಅರಮನೆ ಎಂಬಂತೆ. ಕೋಳಿಗಳ ಬಿಸಿ ಹಿತವಾಗಿಯೇ ಇತ್ತು. ಆದರೆ ಕೊಟ್ಟ ಮಾತು ಒಳಗೆ ಹುಳದ ಹಾಗೆ ಕೊರೆಯುತ್ತಿತ್ತು. ಎದ್ದುಬಂದ ಸುಣ್ಣದ ಚಕ್ಕೆಗಳನ್ನು ಕಾಳೆಂದು ತಿಳಿದು ಕೋಳಿಗಳು ನನ್ನ ಕಣ್ಣುಗಳನ್ನು ಕುಕ್ಕುತ್ತಿದ್ದವು. ಮೊದಲು ರೆಪ್ಪೆ ಉದುರಿತು, ಆಮೇಲೆ ಗುಡ್ಡೆ.

ಆ ವರ್ಷ ಆಷಾಢದ ಗಾಳಿ ಬೇಗ ಬರುವ ಸೂಚನೆಯಿತ್ತು. ಹುಲಿಗಿ ಆಗ ಹರೆಯಕ್ಕೆ ಕಾಲಿಡುತ್ತಿದ್ದಳು. ಎಷ್ಟು ಕಲ್ಲು ಕಟ್ಟಿಕೊಂಡರೂ ನಿಲ್ಲಲಾರದೆ, ಗೋಡೆ ಹಿಡಿದು ನಡೆಯುತ್ತಿದ್ದಳು. ಗಾಳಿ ಬೀಸಿದರೆ ಗಾಳಿಪಟದಂತೆ ಹೋಗಿಬಿಡುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಮೊಟ್ಟೆ ಹುಡುಕಲು ಬಂದವಳು ನನ್ನ ಮುಂದೆ ನಿಂತುಬಿಟ್ಟಳು.

"ಕಾಕಾ! ಇದರ ಮೂತಿ ಎಲ್ಲಿ ಹೋತು?"

"ಕೋಳಿ ತಿಂದಾವ. ತಡಿ, ಸುಣ್ಣ ತರ್ತೀನಿ."

"ಬ್ಯಾಡ ಕಾಕಾ! ಅಜ್ಜಿ ನೇಯ್ದಾಗ ಇದಕ್ಕ ಕಣ್ಣಿತ್ತೇನು?"

ಮಾಳಪ್ಪ ಯೋಚಿಸಿದ. "ಇರಲಿಲ್ಲ."

"ಮೂತಿ ಇದ್ರ ಹೊಳಿ ನೋಡಿಬಿಡ್ತೈತಿ ಅಂದಿದ್ಳು ಅಜ್ಜಿ. ನನಗ ಈಗ ತಿಳೀತು."

ಮುದುಕ ನನ್ನ ಅಂಚಿನ ಹತ್ತಿರ ಬಂದು ಕುಳಿತ. "ಅಯ್ಯೋ ನನ್ನವ್ವ, ಇಷ್ಟು ವರ್ಸ ಕಾಡಿಗಿ ಬ್ಯಾರೆ ಹಚ್ಚಿದ್ನಲ್ಲೇ!" ಎಂದು ಅತ್ತ, ನಡುವೆ ನಕ್ಕ. ಆಮೇಲೆ ಉಳಿದಿದ್ದ ಬಣ್ಣವನ್ನು ತನ್ನ ಅಂಗೈಯಿಂದಲೇ ಉಜ್ಜಿ ಉಜ್ಜಿ ತೆಗೆದ.

ನನ್ನ ಮುದಿ ಬಿದಿರಿನ ದಬ್ಬೆಗಳು ಅವನ ಭಾರ ತಾಳುವಂತಿರಲಿಲ್ಲ. ತೂಕವೇ ಇಲ್ಲದವಳೊಬ್ಬಳನ್ನು ಮಾತ್ರ ಹೊರಬಲ್ಲಷ್ಟು ಉಳಿದಿದ್ದೆ. ಹುಲಿಗಿ ಉಡಿಯ ಕಲ್ಲುಗಳನ್ನು ದಡದಲ್ಲಿ ಸುರಿದು, ನನ್ನ ಅಂಚನ್ನು ಬಿಗಿಯಾಗಿ ಹಿಡಿದು ಕುಳಿತಳು. ನಡುಹೊಳೆಯಲ್ಲಿ ನೀರು ನನ್ನ ಸುತ್ತ ಸುತ್ತಿ ಮೂತಿ ಹುಡುಕಿತು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ನೋಡಿತು. ಕೊನೆಗೆ ಬೇಸತ್ತು, ಯಾವುದೋ ಬುಟ್ಟಿ ತೇಲಿಹೋಗುತ್ತಿದೆ ಎಂದುಕೊಂಡು ಸುಮ್ಮನಾಯಿತು. ಹುಲಿಗಿ ಮೆಲ್ಲಗೆ ಹುಟ್ಟು ಹಾಕಿದಳು.

ಆಚೆ ದಡದಲ್ಲಿ ನಡುಮಧ್ಯಾಹ್ನ. ಹೊಂಗೆಯ ಕೆಳಗೆ ಊರಿನ ನೆರಳುಗಳೆಲ್ಲ ಒಗೆದು ಹರವಿದ ಬಟ್ಟೆಗಳಂತೆ ಮಲಗಿದ್ದವು. ಅವುಗಳಿಂದ ದೂರ, ಬೇರೊಂದು ಮರದ ಬೊಡ್ಡೆಯ ಹತ್ತಿರ, ಪುಟ್ಟದೊಂದು ನೆರಳು ಒಂಟಿಯಾಗಿ ಕುಂಟಾಟ ಆಡುತ್ತಿತ್ತು. ಅದು ಒಂದಿಷ್ಟೂ ಬೆಳೆದಿರಲಿಲ್ಲ.

"ಬಾ, ಮನೀಗೆ ಹೋಗೂಣು," ಎಂದಳು ಹುಲಿಗಿ.

"ನೀ ಯಾರು? ನಮ್ಮ ಹುಡುಗಿ ಇಷ್ಟಾ ಅದಾಳ," ಎಂದು ನೆರಳು ತನ್ನ ಎತ್ತರ ತೋರಿಸಿತು. "ನಾ ಅಕಿ ಹಾದಿ ಕಾಯಾಕತ್ತೀನಿ."

ಹುಲಿಗಿ ಹೆಸರು ಹೇಳಿದಳು, ಅಜ್ಜಿಯ ಹೆಸರು ಹೇಳಿದಳು. ನೆರಳು ನಂಬಲಿಲ್ಲ. ಬೊಡ್ಡೆಯ ಹಿಂದೆ ಸರಿದು ನಿಂತಿತು. ಅತ್ತ ಹೊತ್ತು ವಾಲುತ್ತಿತ್ತು. ಬೇರೆ ನೆರಳುಗಳು ಎದ್ದು ಮೈಮುರಿಯತೊಡಗಿದ್ದವು. ಕತ್ತಲಾದರೆ ನೆರಳು ಕಣ್ಣಿಗೆ ಬೀಳದು, ಇಂದು ಬರಿಗೈಯಲ್ಲಿ ಹೋದರೆ ಗಾಳಿಗೆ ಮುಂಚೆ ಇನ್ನೊಂದು ಸಲ ಬರಲು ನನ್ನಲ್ಲಿ ಜೀವವಿರಲಿಲ್ಲ.

ಆಗ ಹುಲಿಗಿ ಕುಕ್ಕರುಗಾಲಲ್ಲಿ ಕುಳಿತಳು. ಮೊಣಕಾಲು ಅಪ್ಪಿ, ತಲೆ ತಗ್ಗಿಸಿ, ಮೈಯನ್ನೆಲ್ಲ ಮುದುಡಿಕೊಂಡಳು. ಪುಟ್ಟ ಹುಡುಗಿಯಷ್ಟೇ ಆದಳು. ನೆರಳು ಇಣುಕಿ ನೋಡಿತು. ಒಂದು ಹೆಜ್ಜೆ ಹತ್ತಿರ ಬಂತು. ಅವಳ ಕಾಲಬುಡದಲ್ಲಿ ಮಲಗಿ ಅಳತೆ ನೋಡಿತು. ತಲೆ ತಲೆಗೆ, ಹೆಗಲು ಹೆಗಲಿಗೆ ಸರಿಹೋಯಿತು.

"ಎಷ್ಟು ತಡಾ ಮಾಡಿದ್ಯಲ್ಲ," ಎಂದು ಬಿಕ್ಕಿತು.

"ಹೂಂ, ತಡಾ ಆತು. ಗಟ್ಟಿಗೆ ಹಿಡ್ಕೋ," ಎಂದು ಹುಲಿಗಿ ಬಹಳ ನಿಧಾನವಾಗಿ ಎದ್ದು ನಿಂತಳು. ನೆರಳು ಅವಳ ಜೊತೆಗೇ ಉದ್ದವಾಯಿತು. ಕಳೆದುಕೊಂಡ ವರ್ಷಗಳನ್ನೆಲ್ಲ ಅದು ಒಂದೇ ಉಸಿರಿಗೆ ಬೆಳೆಯಿತು.

ಅವಳು ಮತ್ತೆ ನನ್ನೊಳಗೆ ಕಾಲಿಟ್ಟಾಗ ನನ್ನ ಎದೆ ಲಟ್ಟೆಂದಿತು. ಅಬ್ಬಾ, ಎಂಥ ಭಾರ! ಒಂದು ಆರೋಗ್ಯವಂತ ಹುಡುಗಿಯ ಪೂರ್ತಿ ತೂಕ. ನಡುಹೊಳೆಗೆ ಬರುವುದರೊಳಗೆ ನೀರು ಅವಳ ಪಾದ ಮುಚ್ಚಿತ್ತು. ಅವಳು ಒಂದು ಕೈಯಲ್ಲಿ ಹುಟ್ಟು ಹಾಕುತ್ತ, ಇನ್ನೊಂದು ಕೈಯಲ್ಲಿ ನೀರು ಗೋರಿ ಚೆಲ್ಲಿದಳು. ನೆರಳೂ ಗೋರಿ ಚೆಲ್ಲಿತು. ಒಂದೊಂದೇ ದಬ್ಬೆ ಬಿಡಿಸಿಕೊಂಡು ಹೋಗುತ್ತಿದ್ದರೂ ಉಳಿದವುಗಳನ್ನು ನಾನು ಹಿಡಿದಿಟ್ಟೆ. ಇನ್ನೊಂದಿಷ್ಟು, ಇನ್ನೊಂದಿಷ್ಟೇ ಎಂದೆ. ದಡದಲ್ಲಿ ಮಾಳಪ್ಪ ಎದೆಮಟ್ಟ ನೀರಿಗಿಳಿದು ಕೈ ಚಾಚಿ ನಿಂತಿದ್ದ. ಅವನ ಬೆರಳು ನನ್ನ ಅಂಚಿಗೆ ತಾಗಿತು.

ಹುಲಿಗಿ ದಡಕ್ಕೆ ಹಾರಿದಳು. ನಾನು ಎರಡಾಗಿ ಒಡೆದು ಮರಳಿನ ಮೇಲೆ ಬಿದ್ದುಕೊಂಡೆ. ನನ್ನನ್ನು ಇನ್ನು ಯಾರೂ ನೇಯಲಾರರು, ನೇಯುವುದೂ ಬೇಡ. ಹೊತ್ತು ಇಳಿಯುತ್ತಿದ್ದರೂ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಅವಳು ಓಡಿ ಬಂದು ನನ್ನ ಹತ್ತಿರ ನಿಂತಳು, ನನಗೂ ಸೂರ್ಯನಿಗೂ ನಡುವೆ. ಅವಳ ನೆರಳು ನನ್ನ ಮೇಲೆ ಬಿತ್ತು. ತಣ್ಣಗಿತ್ತು.