ದರ್ಜಿ ತೆಗೆದ ಮಷೀನಿನ ಅಳತೆ

ಐವತ್ತು ದಾಟಿದ ಮೇಲೆ ದರ್ಜಿಗೆ ಕಟ್ಟುಮಸ್ತಾಗುವ ಹುಚ್ಚು ಹತ್ತಿತು. ಮನೆಯ ಹೊಲಿಗೆ ಕೋಣೆಯ ಮೂಲೆಯಲ್ಲೇ ಜಿಮ್ ಮಾಡಿಕೊಳ್ಳುವುದೆಂದು ನಿಶ್ಚಯಿಸಿ, ಕೇಬಲ್ ಎಳೆದು ತೂಕ ಎತ್ತುವ ಮಷೀನು ಆರಿಸಲು ಹೆಂಡತಿಯೊಂದಿಗೆ ಅಂಗಡಿಗೆ ಹೋದ. ಕೊರಳಲ್ಲಿ ಎಂದಿನಂತೆ ಅಳತೆ ಟೇಪು ನೇತಾಡುತ್ತಿತ್ತು.

ಅಂಗಡಿಯವನು ಬಾಯಿ ತೆರೆಯುವ ಮೊದಲೇ ದರ್ಜಿ ಎಲ್ಲಕ್ಕಿಂತ ದೊಡ್ಡ ಮಷೀನಿನ ಉದ್ದ, ಅಗಲ, ಎತ್ತರ ಅಳೆದು ಮುಗಿಸಿದ್ದ.

“ನಮ್ಮ ಮೂಲೆಗೆ ಹೇಳಿ ಹೊಲಿಸಿದ ಹಾಗಿದೆ,” ಎಂದು ಬೀಗಿದ. “ಸುತ್ತ ಒಂದೊಂದಿಂಚು ಮಿಗುತ್ತೆ. ಹೊಲಿಗೆಗೆ ಬಿಡೋ ಅಷ್ಟು.”

ಹೆಂಡತಿ ಮಷೀನಿಗೆ ಒಂದು ಸುತ್ತು ಹಾಕಿ ಬಂದಳು. “ಮುಂದೆ ಎಷ್ಟು ಮಿಗುತ್ತೆ?”

“ಮುಂದೆ ಕತ್ತರಿಸೋ ಮೇಜಿದೆಯಲ್ಲ. ಅಲ್ಲೂ ಒಂದಿಂಚು.”

“ಮತ್ತೆ ನೀವೆಲ್ಲಿ ನಿಲ್ತೀರಿ?”

ದರ್ಜಿ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಮೂವತ್ತು ವರ್ಷ ಊರವರ ಮೈ ಅಳೆದವನು ತನ್ನ ಮೈಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಮೂಲೆಗೆ ಹೊಲಿಸಿದ ಅಂಗಿ ಏನೋ ಚೆನ್ನಾಗಿದೆ,” ಎಂದಳು ಅವಳು. “ತಲೆ ತೂರಿಸೋಕೆ ಕುತ್ತಿಗೆ ಇಡೋದು ಮರೆತಿದ್ದೀರಿ.”

ಅವನ ಕೈಯಿಂದ ಟೇಪು ಕಿತ್ತುಕೊಂಡು, ಚಾಚಿದ ತೋಳು, ಮುಂದೆ ಬಂದ ಹೊಟ್ಟೆ ಎರಡನ್ನೂ ಅಳೆದಳು. ಆಮೇಲೆ ಅಂಗಡಿಯವನ ಕಡೆ ತಿರುಗಿದಳು.

“ಇವರನ್ನ ನಿಲ್ಲಿಸಿ ಮಿಕ್ಕಿದ ಜಾಗಕ್ಕೆ ಯಾವ ಮಷೀನು ಹಿಡಿಸುತ್ತೋ, ಅದನ್ನ ತೋರಿಸಿ.”